ಹನ್ನೊಂದೂವರೆಯಿಂದ ಎರಡೂವರೆಯ ತನಕ

ಗಾಜಿನಮನೆಯ ಬಾಯ್ಲರ್ ಕೋಣೆ
ಹದಿನಾಲ್ಕನೇ ತಾರೀಕು, ಶುಕ್ರವಾರ ಮಧ್ಯಾಹ್ನ

ಪುಟ್ಟಿಯ ಅಮ್ಮನಿಗೆ,

ಮೊದಲು ಬೇರೆ ರೀತಿ ಶುರು ಮಾಡಿದ್ದೆ. ಏಳು ವರ್ಷದಿಂದ ಬೇರೆ ಮನೆಯಲ್ಲಿರುವ ಹೆಂಡತಿಗೆ 'ಪ್ರೀತಿಯ' ಎಂದು ಬರೆಯುವ ಹಕ್ಕು ನನಗಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಎರಡು ಹಾಳೆ ಹರಿದುಹಾಕಿದೆ. ನೀನು ಪುಟ್ಟಿಯ ಅಮ್ಮ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ, ಆದ್ದರಿಂದ ಅದೇ ಇರಲಿ. ನಾನು ಆರೋಗ್ಯವಾಗಿದ್ದೇನೆ. ನಿನ್ನ ಕತ್ತುನೋವು ಸ್ವಲ್ಪ ಕಡಿಮೆಯಾಗಿದೆ ಎಂದು ಮಗಳು ಹೇಳಿದಳು. ಬೀಜ ಪರೀಕ್ಷೆಯ ಕೋಣೆಯಲ್ಲಿ ದಿನವಿಡೀ ಬಗ್ಗಿ ಕೂತು ಮೊಳಕೆ ಎಣಿಸಿದರೆ ಕತ್ತು ನೋಯದೆ ಇನ್ನೇನಾಗುತ್ತದೆ? ನಿನ್ನಂಥವಳನ್ನು ಆ ಕೆಲಸಕ್ಕೆ ಕೂರಿಸಿದವನು ಯಾರು ಎಂದು ಹೇಳಲಿಕ್ಕೇ ಈ ಪತ್ರ.

ಸುತ್ತಿ ಬಳಸಿ ಮಾತಾಡುವುದು ನನ್ನ ಹುಟ್ಟುಗುಣ. ಅದಕ್ಕೇ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಎಷ್ಟು ಬೇಕಾದರೂ ಸುತ್ತಬಹುದು. ಒಂಬತ್ತು ವರ್ಷದ ಹಿಂದೆ ನಿನ್ನ ಟೊಮೆಟೊ ಪ್ರಯೋಗ ಕೈಕೊಟ್ಟಿದ್ದು ನಿನ್ನ ಲೆಕ್ಕ ತಪ್ಪಿದ್ದರಿಂದ ಅಲ್ಲ. ಎರಡನೇ ಕೋಣೆಯ ಚಾವಣಿ ಕಿಟಕಿಗಳನ್ನು ನಾನು ದಿನಾ ಹನ್ನೊಂದೂವರೆಗೆ ತೆಗೆದು ಎರಡೂವರೆಗೆ ಮುಚ್ಚುತ್ತಿದ್ದೆ. ಹತ್ತು ವಾರದ ಪ್ರಯೋಗದಲ್ಲಿ ಮೊದಲ ವಾರ ಒಂದನ್ನು ಬಿಟ್ಟು, ಮೋಡ ಕವಿದಿದ್ದ ಎರಡು ದಿನ ಬಿಟ್ಟು, ಒಟ್ಟು ಅರವತ್ತೊಂದು ದಿನ. ದಿನಚರಿಯ ಹಾಳೆಯಲ್ಲಿ ಮಾತ್ರ 'ಮುಚ್ಚಿದೆ' ಎಂದು ಬರೆದು ಕೆಳಗೆ ಸಹಿ ಹಾಕುತ್ತಿದ್ದೆ.

ಬರೆದಾಯಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಕೂತಿದ್ದೇನೆ.

ಈಗಲೇ ಯಾಕೆ ಎಂದು ನೀನು ಕೇಳಬಹುದು. ಸೋಮವಾರ ಸಂಶೋಧನಾ ಸಮಿತಿ ಕೂರುತ್ತದೆ. ಅದೇ ಪ್ರಯೋಗವನ್ನು ಇನ್ನೊಮ್ಮೆ ಮಾಡಲು ಅವಕಾಶ ಕೊಡಿ ಎಂದು ನೀನು ಹಾಕಿದ ಅರ್ಜಿ ಅವರ ಮುಂದೆ ಬರುತ್ತದೆ. ನಿನ್ನ ನಿವೃತ್ತಿಗೆ ಇನ್ನು ಮೂರೇ ವರ್ಷ. ಈ ಸಲ ಆಗುವುದಿಲ್ಲ ಎಂದರೆ ಇನ್ನು ಯಾವತ್ತೂ ಆಗುವುದಿಲ್ಲ. ಅರ್ಜಿಯಲ್ಲಿ 'ಮೊದಲ ಪ್ರಯೋಗ ವಿಫಲವಾದ ಕಾರಣ' ಎಂಬ ಜಾಗದಲ್ಲಿ ನೀನು 'ತಿಳಿದುಬಂದಿಲ್ಲ' ಎಂದು ತುಂಬಿದ್ದೀಯಂತೆ. ಕಾರಣವೇ ಗೊತ್ತಿಲ್ಲದವರಿಗೆ ಎರಡನೇ ಸಲ ಗಾಜಿನಮನೆ ಕೊಡುವುದಿಲ್ಲ ಎಂದು ಕಚೇರಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾರೆ. ಕಾರಣ ನನಗೆ ಗೊತ್ತು. ಹಳೇ ಬೂಟಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟುಕೊಂಡು ಒಂಬತ್ತು ವರ್ಷದಿಂದ ಅದರ ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದೇನೆ.

ಇನ್ನು ಮುಂದೆ ಬರೆಯುವುದರಲ್ಲಿ ನಿನಗೆ ಗೊತ್ತಿರುವುದೇ ಹೆಚ್ಚು. ಆದರೆ ಈ ಪತ್ರವನ್ನು ನೀನು ಸಮಿತಿಗೂ ತೋರಿಸಬೇಕಾದೀತು, ಅವರಲ್ಲಿ ಇಬ್ಬರು ಹೊಸಬರು. ಹಾಗಾಗಿ ಎಲ್ಲವನ್ನೂ ಮೊದಲಿಂದ ಬರೆಯುತ್ತೇನೆ. ಗಂಡ ಹೆಂಡತಿಯ ಮಾತು ಬಂದ ಕಡೆ ಬೇಕಿದ್ದರೆ ಶಾಯಿ ಬಳಿದು ತೋರಿಸು.

ನಾನು ಗಾಜಿನಮನೆಯ ಮೇಸ್ತ್ರಿ, ನೀನು ವಿಜ್ಞಾನಿ. ನೀನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹತ್ತು ವರ್ಷ ಗಿಡ ಸಾಕಿದ್ದ ನನ್ನನ್ನು ಗಿಡ ಏನು ತಿಂದು ಬದುಕುತ್ತದೆ ಎಂದು ಕೇಳಿದ್ದೆ. ಗೊಬ್ಬರ ಎಂದೆ. ನೀನು ನಗಲಿಲ್ಲ, ಅದೇ ನಿನ್ನ ದೊಡ್ಡತನ. ಒಂದು ಎಲೆಯನ್ನು ಬಿಸಿಲಿಗೆ ಹಿಡಿದು, ಅದು ಊಟ ಹುಡುಕಿಕೊಂಡು ಹೋಗುವುದಿಲ್ಲ, ಕೂತಲ್ಲೇ ಮಾಡಿಕೊಳ್ಳುತ್ತದೆ ಎಂದು ವಿವರಿಸಿದೆ. ಎಲೆಯೊಳಗಿನ ಹಸಿರು ಬೆಳಕನ್ನು ಹಿಡಿಯುತ್ತದೆ. ಆ ಬೆಳಕಿನ ಬಲದಿಂದ ಬೇರು ತಂದುಕೊಟ್ಟ ನೀರು ಒಡೆಯುತ್ತದೆ. ಅದರಿಂದ ಬರುವ ಆಮ್ಲಜನಕ ಹೊರಗೆ ಹೋಗುತ್ತದೆ, ನಾವು ಉಸಿರಾಡುವುದು ಅದನ್ನೇ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿವೆ, ಅವುಗಳಿಂದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ. ಹಿಡಿದಿಟ್ಟ ಬೆಳಕಿನ ಬಲವನ್ನು ಖರ್ಚು ಮಾಡಿ ಎಲೆ ಆ ಅನಿಲವನ್ನು ಸಕ್ಕರೆಯಾಗಿ ಜೋಡಿಸುತ್ತದೆ. ಕಾಂಡ, ಬೇರು, ಹಣ್ಣು ಎಲ್ಲವೂ ಆ ಸಕ್ಕರೆಯಿಂದಲೇ. ನಾನು ಬಾಯಿ ತೆರೆದುಕೊಂಡು ಕೇಳಿದೆ. ಆ ಮೇಲೆ ಒಂದು ವರ್ಷ, ಇದ್ದ ಕೆಲಸ ಇಲ್ಲದ ಕೆಲಸ ಎಲ್ಲ ಹುಡುಕಿಕೊಂಡು ನಿನ್ನ ಕೋಣೆಗೆ ಬರುತ್ತಿದ್ದೆ. ಸಡಿಲವಾಗದ ತಿರುಪುಗಳನ್ನು ಬಿಗಿ ಮಾಡುತ್ತಿದ್ದೆ. ಇದು ನಿನಗೂ ಗೊತ್ತಿತ್ತು ಎಂದು ಮದುವೆಯಾದ ಮೇಲೆ ನೀನೇ ಹೇಳಿದೆ.

ಆ ಅಡುಗೆ ಎಷ್ಟು ಬೇಗ ನಡೆಯುತ್ತದೆ ಎನ್ನುವುದೇ ನಿನ್ನ ಜೀವನದ ಕೆಲಸವಾಗಿತ್ತು. ಬೆಳಕು, ಅನಿಲ, ಬಿಸಿ, ನೀರು. ಈ ನಾಲ್ಕರಲ್ಲಿ ಯಾವುದು ಕಡಿಮೆ ಬೀಳುತ್ತದೋ ಎಲೆಯ ವೇಗ ಅಲ್ಲಿಗೆ ನಿಲ್ಲುತ್ತದೆ, ಉಳಿದ ಮೂರನ್ನು ಎಷ್ಟು ಸುರಿದರೂ ಪ್ರಯೋಜನವಿಲ್ಲ ಎಂದು ನೀನು ಹೇಳುತ್ತಿದ್ದೆ. ನನಗೆ ಅರ್ಥವಾಗಿದ್ದು ನಾವು ಕ್ವಾರ್ಟರ್ಸಿಗೆ ಸಾಮಾನು ಸಾಗಿಸಿದ ದಿನ. ನಾಲ್ಕು ಜನ ಮಂಚ ಹೊತ್ತು ಮೆಟ್ಟಿಲು ಹತ್ತುವಾಗ, ನಿಧಾನಕ್ಕೆ ಹತ್ತುವವನು ಯಾರೋ ಅವನ ಹೆಜ್ಜೆಗೇ ಮಂಚ ಹೋಗಬೇಕು. ಅವತ್ತು ಆ ನಿಧಾನದವನು ನಾನೇ ಆಗಿದ್ದೆ, ಬೆನ್ನು ಹಿಡಿದಿತ್ತು.

ನಿನ್ನ ಪ್ರಯೋಗದ ತಿರುಳು ಇಷ್ಟು. ಗಾಜಿನಮನೆಯಲ್ಲಿ ಮಧ್ಯಾಹ್ನ ಬೆಳಕಿಗೆ ಬರವಿಲ್ಲ, ನೀರು ನಾವೇ ಕೊಡುತ್ತೇವೆ. ಆ ಹೊತ್ತಿನಲ್ಲಿ ಎಲೆಗೆ ಸಾಲದೆ ಬರುವುದು ಇಂಗಾಲದ ಡೈಆಕ್ಸೈಡ್. ಅದನ್ನು ಸಿಲಿಂಡರಿನಿಂದ ಕೊಟ್ಟರೆ ಗಿಡ ಹೆಚ್ಚು ಬೆಳೆಯಬೇಕು. ಆದರೆ ಬಿಸಿ ಏರಿದಾಗ ಎಲ್ಲ ಮೇಸ್ತ್ರಿಗಳೂ ಚಾವಣಿ ಕಿಟಕಿ ತೆಗೆಯುತ್ತಾರೆ, ಕೊಟ್ಟ ಅನಿಲವೆಲ್ಲ ಹಾರಿಹೋಗುತ್ತದೆ. ಬಿಸಿ ಅತಿಯಾದರೆ ಎಲೆಯ ಕೆಲಸ ಕುಸಿಯುತ್ತದೆ ಎಂಬುದು ನಿಜ. ಆದರೆ ಅನಿಲ ಹೆಚ್ಚಿದ್ದರೆ ಎಲೆ ಇನ್ನೂ ಕೆಲವು ಡಿಗ್ರಿ ಬಿಸಿಯಲ್ಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ ಎಂದು ನೀನು ಹೇಳಿದೆ. ಹಾಗಾಗಿ ಮೊದಲನೇ ಕೋಣೆಗೆ ಬರೀ ಗಾಳಿ, ಅಲ್ಲಿ ಎಂದಿನಂತೆ ಇಪ್ಪತ್ತೇಳು ಡಿಗ್ರಿಗೆ ಕಿಟಕಿ. ಎರಡನೇ ಕೋಣೆಗೆ ಅನಿಲ, ಅಲ್ಲಿ ಮೂವತ್ತಮೂರು ದಾಟುವ ತನಕ ಕಿಟಕಿ ಮುಟ್ಟುವ ಹಾಗಿಲ್ಲ. ಎಲ್ಲ ಕೆಲಸಗಾರರ ಮುಂದೆ ನೀನು ಇದನ್ನು ನನಗೆ ಹೇಳಿದೆ. "ನಾನು ಹೇಳಿದಷ್ಟು ಮಾಡಿ ಸಾಕು, ನಿಮ್ಮ ಕೈಚಳಕ ತೋರಿಸ್ಬೇಡಿ" ಎಂದು ನಕ್ಕೆ. ಅವರೂ ನಕ್ಕರು. ಮೇಡಂ ಮನೆಯಲ್ಲೂ ಕಿಟಕಿ ತೆಗೆಯೋಕೆ ಅಪ್ಪಣೆ ಬೇಕಾ ಎಂದು ನೀರು ಬಿಡುವವನು ಒಂದು ವಾರ ನನ್ನನ್ನು ಕಾಡಿಸಿದ.

ಇದನ್ನು ನೆಪ ಎಂದು ಬರೆಯುತ್ತಿಲ್ಲ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು, ಅದನ್ನು ಮುಚ್ಚಿಟ್ಟರೆ ಇದು ಪೂರ್ತಿ ತಪ್ಪೊಪ್ಪಿಗೆ ಆಗುವುದಿಲ್ಲ.

ಎರಡನೇ ವಾರದ ಸೋಮವಾರ, ಹನ್ನೊಂದೂವರೆ ಹೊತ್ತಿಗೆ ನೀನು ಎಲೆ ತೂಗಲು ಮುಖ್ಯ ಕಟ್ಟಡಕ್ಕೆ ಹೋಗಿದ್ದೆ. ನಾನು ಎರಡನೇ ಕೋಣೆಗೆ ಕಾಲಿಟ್ಟೆ. ಒಳಗೆ ಮೂವತ್ತು ಡಿಗ್ರಿ. ಕೊನೆಯ ಸಾಲಿನ ಗಿಡಗಳು ತಲೆ ಬಗ್ಗಿಸಿ ನಿಂತಿದ್ದವು, ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತಿದ್ದವು. ಇಪ್ಪತ್ತೆರಡು ವರ್ಷದಿಂದ ಇಪ್ಪತ್ತೇಳಕ್ಕೆ ಕಿಟಕಿ ತೆಗೆದ ಕೈ ಇದು. ನಾನು ಯೋಚಿಸುವ ಮೊದಲೇ ಅದು ಚಕ್ರದ ಮೇಲೆ ಹೋಗಿತ್ತು. ಚಕ್ರ ತಿರುಗಿಸಿದೆ, ಚಾವಣಿಯ ಕಿಟಕಿಗಳು ಸಾಲಾಗಿ ತೆರೆದುಕೊಂಡವು, ತಣ್ಣನೆ ಗಾಳಿ ಬಂತು, ನನಗೂ ಹಾಯೆನಿಸಿತು. ಮಧ್ಯಾಹ್ನ ನೋಡಿದರೆ ಆ ಸಾಲಿಗೆ ನೀರು ಹೋಗುವ ಕೊಳವೆಯ ಜರಡಿಯಲ್ಲಿ ಮಣ್ಣು ಕಟ್ಟಿಕೊಂಡಿತ್ತು. ಎಲೆ ಬಾಡಿದ್ದು ಬಿಸಿಗಲ್ಲ, ನೀರಿಲ್ಲದೆ. ಜರಡಿ ತೊಳೆದೆ, ಒಂದು ಗಂಟೆಯಲ್ಲಿ ಗಿಡಗಳು ತಲೆ ಎತ್ತಿದವು.

ಅವತ್ತೇ ನಿನಗೆ ಹೇಳಿದ್ದರೆ ನೀನು ಒಂದು ಗದರಿಕೆ ಗದರಿ, ನಿನ್ನ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡು ಸುಮ್ಮನಾಗುತ್ತಿದ್ದೆ. ಹೇಳಲಿಲ್ಲ. ನೀರಿನ ಜರಡಿ ನೋಡಿಕೊಳ್ಳುವುದು ನನ್ನ ಕೆಲಸ, ಅದನ್ನು ನಾನು ಮರೆತಿದ್ದೆ. ಹೆಂಡತಿಯ ಮುಂದೆ ಮೇಸ್ತ್ರಿಗೆ ಮುಖಭಂಗವಾಗುವುದು ಬೇಡವೆನಿಸಿತು. ಹಾಳೆಯಲ್ಲಿ 'ಮುಚ್ಚಿದೆ' ಎಂದು ಬರೆದೆ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಮೂವತ್ತಾಯಿತು. ಮತ್ತೆ ಬಾಡಿದರೆ ಎಂಬ ಹೆದರಿಕೆಗೆ ಮತ್ತೆ ತೆಗೆದೆ. ಮೂರನೆಯ ದಿನ ಹೆದರಿಕೆಯೂ ಬೇಕಾಗಲಿಲ್ಲ. ಇಷ್ಟು ವರ್ಷ ಗಿಡ ಸಾಕಿದವನಿಗೆ ಇವಳೇನು ಹೇಳಿಕೊಡುವುದು ಎಂಬ ಧಿಮಾಕು ಸಾಕಾಯಿತು. ನೀನು ಅನಿಲ ಅಳೆಯುತ್ತಿದ್ದದ್ದು ಬೆಳಿಗ್ಗೆ ಎಂಟಕ್ಕೆ, ಆಗ ಎಲ್ಲ ಸರಿಯಾಗಿರುತ್ತಿತ್ತು. ನೀನು ಮುಖ್ಯ ಕಟ್ಟಡದಿಂದ ವಾಪಸ್ಸು ಬರುತ್ತಿದ್ದದ್ದು ಮೂರಕ್ಕೆ, ಅಷ್ಟರಲ್ಲಿ ನಾನು ಮುಚ್ಚಿರುತ್ತಿದ್ದೆ. ಬೆಳಕು ಉಕ್ಕುವ ಮೂರು ಗಂಟೆ, ಎಲೆಗೆ ಅನಿಲ ಎಲ್ಲಕ್ಕಿಂತ ಹೆಚ್ಚು ಬೇಕಾದ ಆ ಮೂರು ಗಂಟೆಯನ್ನೇ ನಾನು ಆರಿಸಿಕೊಂಡಿದ್ದೆ.

ಇಲ್ಲಿಯ ತನಕ ಬರೆದದ್ದನ್ನು ಓದಿದರೆ ಮೂರ್ಖತನ ಎನ್ನಬಹುದು. ಮುಂದಿನದು ಮೂರ್ಖತನ ಅಲ್ಲ.

ನಾಲ್ಕನೇ ವಾರ ನೀನು ಎಲೆಗಳ ಅಳತೆ ಹಿಡಿದುಕೊಂಡು ಊಟದ ಮೇಜಿಗೆ ಬಂದೆ. "ರೀ, ಎರಡನೇ ಕೋಣೆ ಗಿಡ ಯಾಕೋ ಏಳ್ತಾನೇ ಇಲ್ಲ. ಎರಡೂ ಕೋಣೆ ಒಂದೇ ಥರ ಇದೆ. ಕಿಟಕಿ ಮುಚ್ಚೇ ಇರುತ್ತೆ ತಾನೆ?" ಎಂದು ಕೇಳಿದೆ. ಮುಚ್ಚೇ ಇರುತ್ತೆ ಎಂದೆ ನಾನು. ಪುಟ್ಟಿ ಆಗ ಒಂಬತ್ತು ವರ್ಷದವಳು, ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ನೀನು ಕೈ ತೊಳೆಯಲು ಎದ್ದಾಗ ನಿನ್ನ ಪುಸ್ತಕ ನನ್ನೆದುರಿಗೆ ತೆರೆದೇ ಇತ್ತು. ಅನಿಲ ಇದ್ದರೆ ಗಿಡ ಹೇಗೆ ಏರಬೇಕು ಎಂದು ಒಂದು ಗೀಟು, ಅನಿಲ ಇಲ್ಲದಿದ್ದರೆ ಹೇಗೆ ಎಂದು ಇನ್ನೊಂದು ಗೀಟು. ನೀನು ಅಳೆದು ಗುರುತಿಟ್ಟ ಚುಕ್ಕೆಗಳೆಲ್ಲ ಕೆಳಗಿನ ಗೀಟಿನ ಮೇಲೆ ಸಾಲಾಗಿ ಕೂತಿದ್ದವು. ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿದುಹೋಯಿತು. ನೀನು ಸರಿ, ಹಾಳು ಮಾಡುತ್ತಿರುವವನು ನಾನು.

ಮಾರನೆಯ ದಿನ ಹನ್ನೊಂದೂವರೆಗೆ ಚಕ್ರದ ಮುಂದೆ ನಿಂತೆ. ಮುಟ್ಟಬಾರದು ಎಂದುಕೊಂಡೆ. ಆಗ ತಲೆಗೆ ಬಂದದ್ದು ಇದು: ಇವತ್ತಿನಿಂದ ಕಿಟಕಿ ಮುಚ್ಚಿಟ್ಟರೆ ಗಿಡಗಳು ಇವತ್ತಿನಿಂದಲೇ ಜಿಗಿದು ಬೆಳೆಯುತ್ತವೆ. ನಿನ್ನ ಚುಕ್ಕೆಗಳು ಈ ವಾರದಿಂದ ಮೇಲಕ್ಕೆ ತಿರುಗುತ್ತವೆ. ಈ ವಾರ ಏನು ಬದಲಾಯಿತು ಎಂದು ನೀನು ಹುಡುಕಿಯೇ ಹುಡುಕುತ್ತೀಯ, ಹುಡುಕಿದರೆ ನಾನು ಸಿಕ್ಕಿಬೀಳುತ್ತೇನೆ. ಅದಕ್ಕೇ ತೆಗೆದೆ. ಉಳಿದ ಆರು ವಾರವೂ ತಿಳಿದೂ ತಿಳಿದೂ ತೆಗೆದೆ. ಗಿಡಗಳನ್ನು ಒಂದೇ ಸಮನಾಗಿ ಬಡವಾಗಿಟ್ಟುಕೊಂಡು ಬಂದೆ. ನನ್ನ ಮುಖ ಉಳಿಸಿಕೊಳ್ಳಲು ನಿನ್ನ ಹತ್ತು ವರ್ಷದ ಓದನ್ನು ಚಾವಣಿಯಿಂದ ಆಚೆ ಬಿಟ್ಟೆ. ನನಗೆ ನಾಚಿಕೆಯಾಗುತ್ತದೆ. ಈ ಮಾತನ್ನು ಬರೆಯಲು ಒಂಬತ್ತು ವರ್ಷ ಬೇಕಾಯಿತು ಎನ್ನುವುದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಎರಡನೇ ಕೋಣೆಯಲ್ಲಿದ್ದ ಬಿಳಿ ಪೆಟ್ಟಿಗೆ ನಿನಗೆ ನೆನಪಿರುತ್ತದೆ. ಅದರೊಳಗೆ ನಿಧಾನವಾಗಿ ತಿರುಗುವ ಡಬ್ಬಿ, ಡಬ್ಬಿಗೆ ಸುತ್ತಿದ ಕಾಗದದ ಪಟ್ಟಿ, ಅದರ ಮೇಲೆ ಒಂದು ಶಾಯಿ ಮುಳ್ಳು ವಾರವಿಡೀ ಒಳಗಿನ ಬಿಸಿಯನ್ನು ಗೀಟೆಳೆದು ಬರೆಯುತ್ತಿತ್ತು. ಅದರ ಬೀಗದ ಕೈ ನನ್ನ ಹತ್ತಿರ. ಪ್ರತಿ ಸೋಮವಾರ ಪಟ್ಟಿ ಬದಲಾಯಿಸುವವನೂ ನಾನೇ. ಕೈಯಲ್ಲಿ ಬರೆಯುವ ಹಾಳೆಗೆ ಸುಳ್ಳು ಕಲಿಸಬಹುದು, ಆ ಮುಳ್ಳಿಗೆ ಕಲಿಸಲು ಬರುವುದಿಲ್ಲ. ಹನ್ನೊಂದೂವರೆ ಆಗುತ್ತಿದ್ದ ಹಾಗೆ ಗೀಟು ಐದು ಡಿಗ್ರಿ ಕೆಳಗೆ ಬಿದ್ದು, ಎರಡೂವರೆ ಆದ ಮೇಲೆ ಮತ್ತೆ ಏರುತ್ತದೆ. ಒಂಬತ್ತು ಪಟ್ಟಿಯ ಮೇಲೆ ಅರವತ್ತೊಂದು ಹಳ್ಳ. ಪ್ರಯೋಗ ಮುಗಿದ ಮೇಲೆ ನೀನು ಪಟ್ಟಿಗಳನ್ನು ಕೇಳಿದೆ. ಬಾಯ್ಲರ್ ಕೊಳವೆ ಸೋರಿ ಎಲ್ಲ ನೆನೆದುಹೋಯಿತು, ಶಾಯಿ ಕಲಸಿಹೋಗಿದೆ ಎಂದೆ. ಸುಟ್ಟುಬಿಡೋಣ ಎಂದು ಎಷ್ಟೋ ಸಲ ಬೂಟಿನ ಪೆಟ್ಟಿಗೆಯಿಂದ ಕೈಗೆತ್ತಿಕೊಂಡಿದ್ದೇನೆ, ಬೆಂಕಿ ಎದುರಿಗೇ ಇತ್ತು. ಪ್ರತಿ ಪಟ್ಟಿಯ ಹಿಂದೆಯೂ ನೀನು ಮೊದಲೇ 'ಎರಡನೇ ಕೋಣೆ' ಎಂದು ದುಂಡಗೆ ಬರೆದಿಟ್ಟಿದ್ದೆ. ಅದನ್ನು ನೋಡಿದರೆ ಕೈ ಬರುತ್ತಿರಲಿಲ್ಲ.

ಆಮೇಲೆ ಆ ಸಭೆ. ಆಗಿನ ನಿರ್ದೇಶಕರು ಪುಸ್ತಕದ ಗಿಡ ಬೇರೆ, ನೆಲದ ಗಿಡ ಬೇರೆ ಎಂದು ಎಲ್ಲರ ಮುಂದೆ ನಿನ್ನನ್ನು ಹೀಯಾಳಿಸಿದರು. ನನ್ನನ್ನು ಕರೆಸಿ ಕಿಟಕಿಯ ವಿಷಯ ಕೇಳಿದರು. "ಮೂವತ್ತಮೂರಕ್ಕೆ ಮೊದಲು ಒಂದು ದಿನಾನೂ ತೆಗ್ದಿಲ್ಲ ಸಾರ್" ಎಂದೆ. ನೀನು ನನ್ನ ಮುಖ ನೋಡಿದೆ, ಆಮೇಲೆ ನಿನ್ನ ಕಾಗದ ನೋಡಿದೆ, ಆಮೇಲೆ "ನನ್ನ ಊಹೆಯೇ ತಪ್ಪಿರಬೇಕು" ಎಂದು ಮೆಲ್ಲಗೆ ಹೇಳಿ ಕೂತುಬಿಟ್ಟೆ. ತಿಂಗಳೊಳಗೆ ನಿನ್ನನ್ನು ಬೀಜ ಪರೀಕ್ಷೆಗೆ ಹಾಕಿದರು. ನಾನು ಆ ಸಂಜೆ ನಿನಗೆ ಸಮಾಧಾನ ಹೇಳಿದೆ. ಹೋಗ್ಲಿ ಬಿಡು, ಎಲ್ಲರಿಗೂ ಒಮ್ಮೊಮ್ಮೆ ತಪ್ಪಾಗುತ್ತೆ ಎಂದು ಹೇಳಿದೆ. ಮಾಡಿದ ಎಲ್ಲಕ್ಕಿಂತ ಈ ಒಂದು ಮಾತು ನನ್ನನ್ನು ಹೆಚ್ಚು ಸುಡುತ್ತದೆ.

ಅಲ್ಲಿಂದ ನೀನು ನನ್ನ ಜೊತೆ ಕೂತು ಉಣ್ಣುವುದು ನಿಂತಿತು. ನನಗೆ ಬಡಿಸುತ್ತಿದ್ದೆ, ಪಕ್ಕದ ಕೋಣೆಗೆ ಹೋಗುತ್ತಿದ್ದೆ. ಸೋತ ಬೇಸರ ಎಂದುಕೊಂಡೆ, ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಎರಡು ವರ್ಷ ಕಳೆದು ನೀನು ಪುಟ್ಟಿಯನ್ನು ಕರೆದುಕೊಂಡು ಹೋದೆ. ಯಾಕೆ ಎಂದು ನಾನು ಒತ್ತಾಯಿಸಿ ಕೇಳಲೂ ಇಲ್ಲ, ಎಲ್ಲಿ ಉತ್ತರ ಕೊಟ್ಟುಬಿಡುತ್ತೀಯೋ ಎಂಬ ಭಯ.

ಹಾಗೆಯೇ ನಡೆದುಹೋಗುತ್ತಿತ್ತೋ ಏನೋ, ಆದರೆ ಹೋದ ಭಾನುವಾರ ಮಗಳು ಗಾಜಿನ ಜಾಡಿ ಹಿಡಿದುಕೊಂಡು ಇಲ್ಲಿಗೆ ಬಂದಳು. ಒಳಗೆ ಒಂದು ಹಿಡಿ ನೀರುಗಿಡ. ಕಾಲೇಜಿನ ಪರೀಕ್ಷೆಗೆ ಅಭ್ಯಾಸವಂತೆ. ಜಾಡಿಯ ಪಕ್ಕ ನನ್ನ ಟೇಬಲ್ ಲ್ಯಾಂಪ್ ಇಟ್ಟು, ಗಿಡದ ತುದಿಯಿಂದ ಏಳುವ ಗುಳ್ಳೆಗಳನ್ನು ಇಬ್ಬರೂ ಎಣಿಸಿದೆವು. ಲ್ಯಾಂಪ್ ದೂರ ಇದ್ದಾಗ ನಿಮಿಷಕ್ಕೆ ಒಂಬತ್ತು. ಹತ್ತಿರ ತಂದರೆ ಹದಿನೆಂಟು, ಇನ್ನೂ ಹತ್ತಿರಕ್ಕೆ ಇಪ್ಪತ್ತಾರು. ಅಲ್ಲಿಂದ ಮುಂದೆ ಎಷ್ಟೇ ಹತ್ತಿರ ತಂದರೂ ಇಪ್ಪತ್ತಾರೇ. ನೀರು ಬಿಸಿಯಾಯಿತೇ ಎಂದು ಬೆರಳಿಟ್ಟು ನೋಡಿದಳು, ಆಗಿರಲಿಲ್ಲ. ಆಮೇಲೆ ಚೀಲದಿಂದ ಒಂದು ಪೊಟ್ಟಣ ತೆಗೆದು ಚಿಟಿಕೆ ಅಡುಗೆ ಸೋಡಾ ಹಾಕಿದಳು. ಸ್ವಲ್ಪ ಹೊತ್ತಿಗೆ ಮೂವತ್ತೊಂಬತ್ತು ಗುಳ್ಳೆ ಬಂತು ನೋಡು! ಸೋಡಾದಿಂದ ಗಿಡಕ್ಕೆ ಬೇಕಾದ ಅನಿಲ ನೀರಲ್ಲೇ ಸಿಗುತ್ತದಂತೆ. "ಅಪ್ಪಾ, ಬೆಳಕು ಸಾಕಾಗಿತ್ತು, ಗ್ಯಾಸ್ ಸಾಲ್ತಾ ಇರ್ಲಿಲ್ಲ! ಅಮ್ಮ ಹೇಳಿದ್ದೂ ಇದೇ ಅಲ್ವಾ?" ಎಂದು ಕುಣಿದಳು. ಕಣ್ಣು ಥೇಟ್ ನಿನ್ನದೇ.

ಆಮೇಲೆ ಕುಣಿಯುವುದನ್ನು ನಿಲ್ಲಿಸಿ ಕೇಳಿದಳು, ಹಾಗಾದರೆ ಅಮ್ಮನ ಪ್ರಯೋಗ ಯಾಕೆ ಕೈಕೊಟ್ಟಿತು, ಯಾರಾದರೂ ಕಿಟಕಿ ತೆಗೆದಿದ್ದರಾ ಎಂದು. ಇಲ್ಲ ಮಗಳೇ ಎಂದೆ. ಒಂಬತ್ತು ವರ್ಷದ ಹಿಂದೆ ನಿನಗೆ ಹೇಳಿದಷ್ಟೇ ಸಲೀಸಾಗಿ ಬಂತು. ಅವಳು ನಂಬಿದಳು, ಜಾಡಿಯ ನೀರು ಚೆಲ್ಲಿ, ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೋದಳು. ಐದು ದಿನದಿಂದ ನನಗೆ ಅನ್ನ ಸೇರುತ್ತಿಲ್ಲ.

ಅದಕ್ಕೇ ಈ ಪತ್ರ, ಜೊತೆಗೆ ಒಂಬತ್ತು ಪಟ್ಟಿಗಳು. ನಾಳೆ ಮಧ್ಯಾಹ್ನ ಪುಟ್ಟಿ ಬಂದಾಗ ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅವಳಿಗೂ ಎಲ್ಲ ಹೇಳಿಯೇ ಕಳಿಸುತ್ತೇನೆ. ಸೋಮವಾರ ಇವನ್ನು ಸಮಿತಿಯ ಮೇಜಿನ ಮೇಲೆ ಹರಡು. ಕಾರಣದ ಜಾಗದಲ್ಲಿ 'ಮೇಸ್ತ್ರಿ' ಎಂದು ಬರೆ. ನನ್ನ ಕೆಲಸ ಹೋಗಬಹುದು. ಹೋಗಲಿ, ಅದರ ಯೋಚನೆ ನಿನಗೆ ಬೇಡ. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ. ಪ್ರಯೋಗ ಮಾತ್ರ ಮಾಡು. ಈ ಸಲ ಚಕ್ರಕ್ಕೆ ಬೀಗ ಹಾಕಿ ಬೀಗದ ಕೈ ನೀನೇ ಇಟ್ಟುಕೋ.

ಇತಿ,
ಪುಟ್ಟಿಯ ಅಪ್ಪ

ತಾ.ಕ.: ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ.

ಈ ಹಾಳೆಯನ್ನು ಮಾತ್ರ ಯಾರಿಗೂ ತೋರಿಸಬೇಡ.

ಇವತ್ತು ಬೆಳಿಗ್ಗೆ ಪಟ್ಟಿಗಳನ್ನು ಪತ್ರದ ಜೊತೆ ಕಟ್ಟಲು ಒಂದೊಂದಾಗಿ ಬಿಡಿಸಿ ಜೋಡಿಸುತ್ತಿದ್ದೆ. ಇಷ್ಟು ವರ್ಷ ಆ ಕಟ್ಟನ್ನು ಮುಟ್ಟಿದ್ದೇನೆ, ಬಿಚ್ಚಿರಲಿಲ್ಲ. ನಾಲ್ಕನೇ ವಾರದ ಪಟ್ಟಿಯ ಬಲಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಒಂದು ತಾರೀಕು ಇದೆ. ಯಾವ ಕಾಗದ ಪರಿಶೀಲಿಸಿದರೂ ಮೂಲೆಯಲ್ಲಿ ಅವತ್ತಿನ ತಾರೀಕು ಹಾಕುವುದು ನಿನ್ನ ಅಭ್ಯಾಸ. ನೀನು ಬರೆಯುವ ಏಳರ ಅಂಕಿ ಯಾವಾಗಲೂ ಬಾಲ ಎಳೆದುಕೊಂಡಿರುತ್ತದೆ, ಇಲ್ಲೂ ಹಾಗೇ. ಅದು ಪ್ರಯೋಗದ ಯಾವ ದಿನದ ತಾರೀಕೂ ಅಲ್ಲ. ಸಭೆಗೆ ಎರಡು ದಿನ ಮುಂಚಿನದು. ಅವತ್ತು ನಾನು ರಜೆ ಹಾಕಿ ಪುಟ್ಟಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ, ಬಾಯ್ಲರ್ ಕೋಣೆ ತೆರೆದೇ ಇತ್ತು. ನೆನೆದ ಪಟ್ಟಿಗಳಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಲು ನೀನು ಬಂದಿರಬೇಕು.

ಹಾಗಾದರೆ ಸಭೆಯಲ್ಲಿ ನಾನು ಸುಳ್ಳು ಹೇಳಿದಾಗ ನಿನಗೆ ಗೊತ್ತಿತ್ತು. ನಾನು ಹೋಗ್ಲಿ ಬಿಡು ಎಂದು ಸಮಾಧಾನ ಹೇಳಿದಾಗಲೂ ಗೊತ್ತಿತ್ತು. ಮನೆ ಬಿಡುವ ದಿನ ಬಾಗಿಲಲ್ಲಿ ನಿಂತು "ನನಗೆ ಹೇಳೋದು ಏನಾದ್ರೂ ಇದ್ಯಾ ನಿಮ್ಗೆ?" ಎಂದು ಕೇಳಿದೆಯಲ್ಲ. ಹೊಸ ಮನೆಯಲ್ಲಿ ಗ್ಯಾಸ್ ಒಲೆಯ ಪೈಪ್ ಸರಿಯಾಗಿದೆಯಾ ನೋಡ್ಕೋ ಎಂದೆ ನಾನು. ಈಗ ಅರ್ಜಿಯಲ್ಲೂ 'ತಿಳಿದುಬಂದಿಲ್ಲ' ಎಂದು ತುಂಬಿ, ಸೋಲಲು ಹೊರಟಿದ್ದೀಯ. ಯಾರಿಗಾಗಿ ಎಂದು ಕೇಳುವಷ್ಟು ದಡ್ಡ ನಾನಲ್ಲ. ಒಂದು ಗಂಟೆ ಈ ಸ್ಟೂಲಿನ ಮೇಲೆ ಕೂತು ಅತ್ತೆ.

ಪಟ್ಟಿಗಳನ್ನು ನಿನಗೆ ಕಳಿಸುತ್ತಿಲ್ಲ. ನೋಡಿದ್ದನ್ನು ವಾಪಸ್ಸು ಕಟ್ಟಿ ಇಟ್ಟುಬಿಡುವವಳು ನೀನು. ಕಚೇರಿ ತೆರೆದ ಕೂಡಲೇ ನಾನೇ ಹೋಗಿ ಒಂಬತ್ತನ್ನೂ ಈಗಿನ ನಿರ್ದೇಶಕರ ಕೈಗೆ ಕೊಟ್ಟು, ಎಲ್ಲ ಹೇಳಿ, ಬರೆದು ಸಹಿ ಹಾಕಿ ಬಂದಿದ್ದೇನೆ. ಅವರು ತುಂಬ ಹೊತ್ತು ಪಟ್ಟಿಗಳನ್ನು ನೋಡಿದರು. ನಾಲ್ಕನೇ ವಾರದ ಪಟ್ಟಿಯ ಮೂಲೆಯನ್ನು ತೋರಿಸಿ, ಈ ಪೆನ್ಸಿಲ್ ತಾರೀಕು ಯಾರದು ಎಂದು ಕೇಳಿದರು. ನಿನಗೆ ಮೊದಲೇ ಗೊತ್ತಿತ್ತು ಎಂದು ತಿಳಿದರೆ ಸಮಿತಿ ನಿನ್ನ ಅರ್ಜಿಯನ್ನೇ ತಳ್ಳಿಹಾಕುತ್ತದೆ. ನನ್ನದೇ ಸಾರ್ ಎಂದೆ. ಸೋಮವಾರ ನಿನ್ನನ್ನು ಕೇಳಿದರೆ ನೀನೂ ಹಾಗೇ ಹೇಳು.